ಲೋಗೋ ಬಂತು, ಮುಂದೆ ಹೋಗಲಿಲ್ಲ: ಅಸೆಂಬಲ್ ಕಂಪ್ಯೂಟರ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತಕರಾರಿನವು. ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದ ಸಿಸ್ಟಂ ಆನ್ ಆಗುವಾಗಲೇ ನಿಂತುಬಿಡುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಿಂದ ಪತ್ರಗಳಿವೆ. ಬರೆಯುವವರಲ್ಲಿ ಒಂದು ವಿನಂತಿ: ‘ಹ್ಯಾಂಗ್ ಆಗ್ತದೆ’ ಎಂದಷ್ಟೇ ಬರೆದರೆ ಕಾರಣ ಹೇಳಲು ಬರುವುದಿಲ್ಲ. ನಿಂತಾಗ ಪರದೆಯ ಮೇಲೆ ಏನಿತ್ತು, ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪ ಹತ್ತುತ್ತಿತ್ತೋ ಇಲ್ಲವೋ, ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಯಾವುದು, ಈ ಮೂರನ್ನು ತಪ್ಪದೆ ತಿಳಿಸಿ.

ಪ್ರಶ್ನೆ: ನಾನೇ ಕುಂತು ಜೋಡಿಸಿದ ಸಿಸ್ಟಂ ರೀ. ಐ5 12400ಎಫ್, ಬಿ660 ಬೋರ್ಡ್, 8 ಜಿಬಿ ರ‍್ಯಾಮ್ ಎರಡು, 500 ಜಿಬಿ ಎನ್‌ವಿಎಂಇ, ಜಿಟಿಎಕ್ಸ್ 1650 ಕಾರ್ಡ್. ಹಳೇ ಕಂಪ್ಯೂಟರಿನ 1 ಟಿಬಿ ಹಾರ್ಡ್ ಡಿಸ್ಕೂ ಹಾಕೀನಿ. ಎಸ್‌ಎಂಪಿಎಸ್ ಕ್ಯಾಬಿನೆಟ್ ಜೋಡಿ ಬಂದದ್ದು, 450 ವ್ಯಾಟ್ ಅಂತ ಬರದಾರ. ಆನ್ ಮಾಡಿದ್ರ ಬೋರ್ಡಿನ ಲೋಗೋ ಬಂದು ಅಲ್ಲೇ ನಿಂತುಬಿಡ್ತದ. ಒಮ್ಮೊಮ್ಮೆ ಕೆಳಗ ಚುಕ್ಕಿ ತಿರುಗಿ ತಿರುಗಿ ನಿಲ್ತದ. ಮೂರ್ನಾಕು ಸಲ ಬಂದ್ ಮಾಡಿ ಹಚ್ಚಿದ್ರ ಚಾಲೂ ಆಗ್ತದ. ಸಂಜಿ ಹೊತ್ತಿಗೆ ಕಾಟ ಜಾಸ್ತಿ. ಅಂಗಡ್ಯಾಗ ರ‍್ಯಾಮ್ ಬದಲಿ ಮಾಡ್ರಿ ಅಂತಾರ. ಮಾಡ್ಲೇನು?
– ಸಿಂಧನೂರಿನ ಓದುಗರು

ಉತ್ತರ: ಬೇಡ, ಸದ್ಯಕ್ಕೆ ಏನೂ ಕೊಳ್ಳಬೇಡಿ. ರ‍್ಯಾಮ್ ಮೇಲೂ ಸಂಶಯ ಪಡಬಹುದು. ಆದರೆ ನೀವು ಬರೆದ ಲಕ್ಷಣ ನೋಡಿದರೆ ಮೊದಲ ಆರೋಪಿ ಆ ಹಳೆಯ ಹಾರ್ಡ್ ಡಿಸ್ಕ್, ಎರಡನೆಯದು ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್.

ಗುಂಡಿ ಒತ್ತಿದ ಮೇಲೆ ಎಸ್‌ಎಂಪಿಎಸ್ ತನ್ನ ವೋಲ್ಟೇಜ್‌ಗಳು ಸರಿಯಾಗಿ ನಿಂತಿವೆ ಎಂದು ಮದರ್‌ಬೋರ್ಡಿಗೆ ಸನ್ನೆ ಕೊಡುತ್ತದೆ. ಆಮೇಲೆ ಬಯಾಸ್, ಅಂದರೆ ವಿಂಡೋಸ್‌ಗೂ ಮೊದಲು ಏಳುವ ಬೋರ್ಡಿನ ಸ್ವಂತ ತಂತ್ರಾಂಶ, ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡುಗಳನ್ನು ನೋಡಿಕೊಳ್ಳುತ್ತದೆ. ಇದಿಷ್ಟೂ ಪರದೆ ಕಪ್ಪಾಗಿರುವಾಗಲೇ ಮುಗಿಯುವ ಕೆಲಸ. ಲೋಗೋ ಕಂಡಿತೆಂದರೆ ಆ ಮೂರೂ ಹೇಗೋ ಪಾಸಾಗಿವೆ. ಲೋಗೋ ಕಾಣುತ್ತಿರುವಾಗ ಬಯಾಸ್ ಯುಎಸ್‌ಬಿ, ಸಾಟಾ (ಹಾರ್ಡ್ ಡಿಸ್ಕ್ ಜೋಡಿಸುವ ಕಿಂಡಿ), ಎನ್‌ವಿಎಂಇ (ಬೋರ್ಡಿನ ಮೇಲೇ ಕೂರುವ ವೇಗದ ಡಿಸ್ಕ್) ಸಾಧನಗಳನ್ನು ಕರೆದು ಉತ್ತರಕ್ಕೆ ಕಾಯುತ್ತದೆ. ಚುಕ್ಕಿಗಳು ತಿರುಗತೊಡಗಿದರೆ ಕೆಲಸ ವಿಂಡೋಸ್ ಕೈಗೆ ಹೋಗಿದೆ. ಅದು ಡಿಸ್ಕಿನಿಂದ ಡ್ರೈವರುಗಳನ್ನು, ಅಂದರೆ ಬಿಡಿಭಾಗಗಳನ್ನು ನಡೆಸುವ ತಂತ್ರಾಂಶಗಳನ್ನು, ಓದುತ್ತಿದೆ. ನಿಮ್ಮದು ಈ ಎರಡೂ ಕಡೆ ನಿಲ್ಲುತ್ತದೆ. ಎರಡಕ್ಕೂ ಸೇರಿದ ವಸ್ತು ಡಿಸ್ಕ್. ಮೂರ್ನಾಲ್ಕು ಸಲ ಹಚ್ಚಿದ ಮೇಲೆ ಚಾಲೂ ಆಗುತ್ತದೆ ಎಂದರೆ ತಣ್ಣಗಿದ್ದಾಗ ಎದ್ದೇಳಲು ಕಷ್ಟಪಡುವ ಭಾಗವೊಂದು ಒಳಗಿದೆ. ಹಳೆಯ ಹಾರ್ಡ್ ಡಿಸ್ಕೂ ಹಾಗೆಯೇ, ಕಪ್ಯಾಸಿಟರ್ ಸೊರಗಿದ ಎಸ್‌ಎಂಪಿಎಸ್ ಕೂಡ ಹಾಗೆಯೇ.

ಮೊದಲು ಕೀಬೋರ್ಡ್, ಮೌಸ್ ಬಿಟ್ಟು ಉಳಿದ ಎಲ್ಲ ಯುಎಸ್‌ಬಿ ಕಿತ್ತುಹಾಕಿ. ಪ್ರಿಂಟರ್, ಪೆನ್ ಡ್ರೈವ್, ವೈಫೈ ಡಾಂಗಲ್, ಫೋನ್ ಚಾರ್ಜ್ ಮಾಡುವ ಕೇಬಲ್, ಯಾವುದೂ ಇರಬಾರದು. ಕ್ಯಾಬಿನೆಟ್ಟಿನ ಮುಂದಿನ ಯುಎಸ್‌ಬಿ ಕಿಂಡಿಯೊಳಗೆ ಬಾಗಿದ ಪಿನ್ ಇದೆಯೇ ಎಂದು ಟಾರ್ಚ್ ಹಾಕಿ ನೋಡಿ. ಲೋಗೋದಲ್ಲಿ ನಿಲ್ಲುವ ಸಿಸ್ಟಂಗಳಲ್ಲಿ ಖರ್ಚಿಲ್ಲದೆ ಸರಿಯಾಗುವಂಥವು ಇಲ್ಲೇ ಸಿಗುತ್ತವೆ.

ಎರಡನೆಯದಾಗಿ ಗೋಡೆಯ ಸ್ವಿಚ್ ಆರಿಸಿ, ಹಾರ್ಡ್ ಡಿಸ್ಕಿನ ಡೇಟಾ ಕೇಬಲ್, ಪವರ್ ಕೇಬಲ್ ಎರಡನ್ನೂ ತೆಗೆಯಿರಿ. ಡೇಟಾ ಕೇಬಲ್ ಮಾತ್ರ ತೆಗೆದರೆ ಸಾಲದು. 3.5 ಇಂಚಿನ ಡಿಸ್ಕ್ ತಿರುಗಲು ಶುರುಮಾಡುವಾಗ 12 ವೋಲ್ಟ್ ಲೈನಿನಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ, ಅದೂ ತಪ್ಪಬೇಕು. ಹೀಗೆ ಮಾಡಿ ಎರಡು ದಿನ, ಮುಖ್ಯವಾಗಿ ಸಂಜೆ ಹೊತ್ತು, ಹಚ್ಚಿ ನೋಡಿ. ಸಲೀಸಾಗಿ ಚಾಲೂ ಆದರೆ ಕಳ್ಳ ಸಿಕ್ಕಂತೆ. ಆದರೆ ಡಿಸ್ಕನ್ನು ಎಸೆಯುವ ಮೊದಲು ಬೇರೆ ಸಾಟಾ ಕೇಬಲ್ ಹಾಕಿ, ಬೋರ್ಡಿನ ಬೇರೆ ಸಾಟಾ ಪೋರ್ಟಿಗೆ ಕೊಡಿ. ಚಾಲೂ ಆದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಮೂರು ಸಾಲು ನೋಡಿ. 05 ಮತ್ತು ಸಿ5 ಎಂಬ ಸಾಲುಗಳಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದು, ಅದು ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕಿನ ಮೇಲ್ಮೈ ಕೆಡುತ್ತಿದೆ. ಫೋಟೋ, ಲೆಕ್ಕಪತ್ರ ಎಲ್ಲ ಇವತ್ತೇ ಬೇರೆಡೆ ನಕಲು ಮಾಡಿ. ಸಿ7 ಮಾತ್ರ ಏರುತ್ತಿದ್ದರೆ ಡಿಸ್ಕ್ ಚೆನ್ನಾಗಿದೆ, ಕೇಬಲ್ ಸಡಿಲ. ಇನ್ನೊಂದು ಸಂಗತಿ: ಹಳೆಯ ಡಿಸ್ಕಿನಲ್ಲಿ ಹಳೆಯ ವಿಂಡೋಸ್ ಹಾಗೇ ಉಳಿದಿದ್ದರೆ ಬಯಾಸ್ ಕೆಲವೊಮ್ಮೆ ಅದನ್ನೇ ಎಬ್ಬಿಸಲು ಹೋಗಿ ನಿಲ್ಲುತ್ತದೆ. ಬಯಾಸಿನ ಬೂಟ್ ಪಟ್ಟಿಯಲ್ಲಿ (ಯಾವುದರಿಂದ ಮೊದಲು ಚಾಲೂ ಆಗಬೇಕೆಂಬ ಪಟ್ಟಿ) ಎನ್‌ವಿಎಂಇಯ ‘ವಿಂಡೋಸ್ ಬೂಟ್ ಮ್ಯಾನೇಜರ್’ ಮೊದಲ ಸಾಲಿನಲ್ಲಿರಲಿ.

ಡಿಸ್ಕ್ ತೆಗೆದರೂ ಕಾಟ ಹೋಗದಿದ್ದರೆ ಬಯಾಸಿನೊಳಗೆ ಕೂರಿಸುವ ಪರೀಕ್ಷೆ ಮಾಡಿ. ಆನ್ ಮಾಡಿ ಡಿಲೀಟ್ ಕೀ ಒತ್ತುತ್ತ ಹೋದರೆ ಬಯಾಸ್ ತೆರೆಯುತ್ತದೆ. ಕೆಲವು ಬೋರ್ಡುಗಳಲ್ಲಿ ಎಫ್2. ಅಲ್ಲೇ ಅರ್ಧ ಗಂಟೆ ಬಿಡಿ. ಅಲ್ಲಿ ವಿಂಡೋಸ್ ಇಲ್ಲ, ಡ್ರೈವರ್ ಇಲ್ಲ, ವೈರಸ್ ಇಲ್ಲ. ಅಲ್ಲೂ ಮೌಸ್ ಬಾಣ ನಿಂತುಹೋದರೆ ದೋಷ ರ‍್ಯಾಮ್, ಶಾಖ, ಕರೆಂಟ್ ಅಥವಾ ಬೋರ್ಡಿನದು. ವಿಂಡೋಸ್ ಮತ್ತೆ ಹಾಕಿಸಿ ದುಡ್ಡು ಕಳೆದುಕೊಳ್ಳುವವರು ಈ ಅರ್ಧ ಗಂಟೆ ಕೂತು ನೋಡಿದ್ದರೆ ಸಾಕಿತ್ತು.

ಬಯಾಸಿನಲ್ಲಿರುವಾಗಲೇ ಎಕ್ಸ್‌ಎಂಪಿ ಆಫ್ ಮಾಡಿ. ಅದು ರ‍್ಯಾಮನ್ನು ಪೊಟ್ಟಣದ ಮೇಲೆ ಬರೆದ ವೇಗಕ್ಕೆ, ಡಿಡಿಆರ್4 ಆದರೆ ಸಾಮಾನ್ಯವಾಗಿ 1.35 ವೋಲ್ಟಿಗೆ ಏರಿಸುವ ಸೌಲಭ್ಯ. ಅದಿಲ್ಲದಿದ್ದರೆ ರ‍್ಯಾಮ್ ತನ್ನ ಮೂಲ ವೇಗದಲ್ಲಿ, 1.2 ವೋಲ್ಟಿನಲ್ಲಿ ಓಡುತ್ತದೆ. ಆಫ್ ಮಾಡಿದ ಮೇಲೆ ಸರಿಹೋದರೆ ಹಾಗೇ ಬಳಸಿ, ದಿನದ ಕೆಲಸದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ.

ಆಮೇಲೆ ರ‍್ಯಾಮ್. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡು ಕಡ್ಡಿಗಳು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿರಬೇಕು. ಒಂದನ್ನು ತೆಗೆದು, ಇನ್ನೊಂದನ್ನು ಎರಡನೆಯ ಸ್ಲಾಟಿನಲ್ಲಿಟ್ಟು ಹಚ್ಚಿ. ಆಮೇಲೆ ಅದಲು ಬದಲು ಮಾಡಿ. ಒಂದು ಕಡ್ಡಿ ಎಲ್ಲಿಟ್ಟರೂ ನಿಲ್ಲಿಸಿದರೆ ಕಡ್ಡಿ ಕೆಟ್ಟಿದೆ. ಎರಡೂ ಕಡ್ಡಿ ಒಂದೇ ಸ್ಲಾಟಿನಲ್ಲಿ ನಿಲ್ಲಿಸಿದರೆ ಸ್ಲಾಟ್ ಕೆಟ್ಟಿದೆ, ಇಲ್ಲವೇ ಪ್ರೊಸೆಸರ್ ಮೇಲಿನ ಕೂಲರನ್ನು ಒಂದು ಬದಿಗೆ ಬಿಗಿದದ್ದು ಹೆಚ್ಚಾಗಿದೆ. ಕೂಲರ್ ಓರೆಯಾಗಿ ಒತ್ತಿದರೆ ಸಾಕೆಟ್ಟಿನ ಪಿನ್ನುಗಳ ಸ್ಪರ್ಶ ತಪ್ಪಿ ಒಂದು ಬದಿಯ ರ‍್ಯಾಮ್ ಕಾಣದಾಗುತ್ತದೆ. ರ‍್ಯಾಮ್ ಕಡ್ಡಿಯ ಬಂಗಾರದ ಬಣ್ಣದ ಅಂಚನ್ನು ಬಿಳಿ ರಬ್ಬರಿನಿಂದ ಉಜ್ಜುವ ಪದ್ಧತಿ ನಮ್ಮಲ್ಲಿದೆ. ಹಳೆಯ, ಕಪ್ಪಗಾದ ಕಡ್ಡಿಗೆ ಹಗುರವಾಗಿ ಎರಡೆಳೆ ಎಳೆದರೆ ಅಡ್ಡಿಯಿಲ್ಲ. ಉದುರಿದ ರಬ್ಬರ್ ಪುಡಿ ಸ್ಲಾಟಿಗೆ ಬೀಳಬಾರದು. ಹೊಸ ಕಡ್ಡಿಗೆ ಇದು ಬೇಕಾಗಿಲ್ಲ. ಸಂಶಯ ಪೂರ್ತಿ ಹೋಗಬೇಕೆಂದರೆ ಪೆನ್ ಡ್ರೈವಿನಿಂದ ಮೆಮ್‌ಟೆಸ್ಟ್86 ಹಚ್ಚಿ ನಾಲ್ಕು ಸುತ್ತು ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ತಪ್ಪು ಕಂಡರೂ ಆ ಕಡ್ಡಿ ಬೇಡ.

ಇನ್ನು ಸಂಜೆಯ ಮಾತು. ದೀಪ, ಏಸಿ, ಅಕ್ಕಿ ಗಿರಣಿಯ ಮೋಟಾರು ಎಲ್ಲ ಒಟ್ಟಿಗೆ ಹತ್ತುವ ಹೊತ್ತದು. ದೊಡ್ಡ ಮೋಟಾರು ನೇರ ಸ್ಟಾರ್ಟರಿನಲ್ಲಿ ಎದ್ದಾಗ ಓಡುವಾಗಿನ ಆರೇಳು ಪಟ್ಟು ಕರೆಂಟ್ ಎಳೆದು ಅದೇ ಲೈನಿನ ಮನೆಗಳಲ್ಲಿ ವೋಲ್ಟೇಜ್ ಕುಸಿಯುತ್ತದೆ. ಸಾಧಾರಣ ಮಲ್ಟಿಮೀಟರನ್ನು ಎಸಿ ವೋಲ್ಟೇಜಿನ ಅತಿ ಹೆಚ್ಚಿನ ಸ್ಥಾನದಲ್ಲಿಟ್ಟು ಪ್ಲಗ್ಗಿನಲ್ಲಿ ಬೆಳಗ್ಗೆ ಒಮ್ಮೆ, ಸಂಜೆ ಏಳಕ್ಕೊಮ್ಮೆ ನೋಡಿ. 230 ಇರಬೇಕಾದದ್ದು 190ಕ್ಕೂ ಕೆಳಗೆ ಬರುತ್ತಿದ್ದರೆ ಎಸ್‌ಎಂಪಿಎಸ್‌ನ ಲೇಬಲ್ ಓದಿ. ‘ಇನ್‌ಪುಟ್ 200–240’ ಎಂದಿದ್ದರೆ ಅದು ಇಂಥ ಸಂಜೆಗೆ ಮಾಡಿದ್ದಲ್ಲ. ‘100–240’ ಎಂದಿರುವುದು 170ಕ್ಕೂ ಜಗ್ಗುವುದಿಲ್ಲ.

ಲೇಬಲ್ಲಿನಲ್ಲೇ ಇನ್ನೊಂದು ಲೆಕ್ಕ. ‘450’ ಎಂಬ ದೊಡ್ಡ ಅಂಕಿಯನ್ನು ಮರೆತು 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಎಂದು ಬರೆದಿದೆ ನೋಡಿ. 14 ಆಂಪಿಯರ್ ಇದ್ದರೆ ಅದು ಕೊಡುವುದು 12 ಗುಣಿಸು 14, ಅಂದರೆ 168 ವ್ಯಾಟ್. ನಿಮ್ಮ ಪ್ರೊಸೆಸರ್ ಒಂದೇ ಪೂರ್ತಿ ದುಡಿಯುವಾಗ 117 ವ್ಯಾಟ್ ತನಕ ಕೇಳುತ್ತದೆ, ಕಾರ್ಡ್ 75. ಮೀಟರನ್ನು ಡಿಸಿ 20ರಲ್ಲಿಟ್ಟು, ಸಿಸ್ಟಂ ಓಡುತ್ತಿರುವಾಗ ಖಾಲಿ ಇರುವ ನಾಲ್ಕು ಪಿನ್ನಿನ ದೊಡ್ಡ ಕನೆಕ್ಟರಿನಲ್ಲಿ ಕಪ್ಪು ವೈರಿಗೆ ಕಪ್ಪು ಕಡ್ಡಿ, ಹಳದಿಗೆ ಕೆಂಪು ಕಡ್ಡಿ ಹಿಡಿಯಿರಿ. 11.40ರಿಂದ 12.60ರೊಳಗೆ ಇರಬೇಕು. ಕೆಂಪು ವೈರಿನಲ್ಲಿ 4.75ರಿಂದ 5.25. ಎರಡು ಪಿನ್ನಿಗೆ ಒಟ್ಟಿಗೆ ಕಡ್ಡಿ ತಾಗದಂತೆ ನೋಡಿಕೊಳ್ಳಿ. ಅಂಕಿ ಸರಿ ಬಂದರೂ ಎಸ್‌ಎಂಪಿಎಸ್ ನಿರಪರಾಧಿ ಎನ್ನಲಾಗದು, ಕ್ಷಣಕಾಲದ ಕುಸಿತ ಮೀಟರಿಗೆ ಕಾಣುವುದಿಲ್ಲ. ಸ್ನೇಹಿತರ ಒಳ್ಳೆಯ ಎಸ್‌ಎಂಪಿಎಸ್ ಒಂದು ಸಂಜೆಗೆ ತಂದು ಹಾಕಿ ನೋಡುವುದೇ ನಿಜವಾದ ಪರೀಕ್ಷೆ. ಎಸ್‌ಎಂಪಿಎಸ್ ಒಳಗನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕಪ್ಯಾಸಿಟರಿನಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದು.

ಇಷ್ಟಾದರೂ ಬಗೆಹರಿಯದಿದ್ದರೆ ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು ಅದು ಬಂದ ರಟ್ಟಿನ ಡಬ್ಬಿಯ ಮೇಲಿಡಿ. ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್, ಕಾರ್ಡ್, 24 ಪಿನ್ನಿನ ಮತ್ತು ಪ್ರೊಸೆಸರ್ ಪಕ್ಕದ 8 ಪಿನ್ನಿನ ಕೇಬಲ್ ಮಾತ್ರ ಇರಲಿ. ಪವರ್ ಗುಂಡಿಯ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಕ್ಷಣ ತಾಗಿಸಿದರೆ ಆನ್ ಆಗುತ್ತದೆ. ರಟ್ಟಿನ ಮೇಲೆ ಸಲೀಸಾಗಿ ನಡೆದು ಕ್ಯಾಬಿನೆಟ್ಟಿನಲ್ಲಿ ನಿಲ್ಲುವುದಾದರೆ, ಬೋರ್ಡಿನ ಕೆಳಗೆ ತೂತಿಲ್ಲದ ಜಾಗದಲ್ಲಿ ಹಿತ್ತಾಳೆಯ ಮೊಳೆಯೊಂದು ಉಳಿದು ಶಾರ್ಟ್ ಮಾಡುತ್ತಿದೆ, ಅಥವಾ ರೀಸೆಟ್ ಗುಂಡಿ ಒಳಗೇ ಸಿಕ್ಕಿಕೊಂಡಿದೆ.

ಪ್ರಶ್ನೆ: ರೈಜೆನ್ 5 7600, ಬಿ650 ಬೋರ್ಡ್, ಡಿಡಿಆರ್5 16 ಜಿಬಿಯ ಎರಡು ರ‍್ಯಾಮ್. ಎಲ್ಲ ಹೊಸದು. ಫ್ಯಾನ್ ತಿರುಗುತ್ತವೆ, ಪರದೆ ಕಪ್ಪು, ಬೋರ್ಡಿನಲ್ಲಿ ಹಳದಿ ದೀಪ ಹತ್ತಿ ನಿಲ್ಲುತ್ತದೆ. ಎರಡು ನಿಮಿಷ ಕಾದು ಬಂದ್ ಮಾಡಿ ಮತ್ತೆ ಹಚ್ಚಿದರೂ ಅದೇ ಪಾಡು.
– ಬಳ್ಳಾರಿ ಕೌಲ್ ಬಜಾರಿನ ಓದುಗರು

ಉತ್ತರ: ನೀವು ಎರಡೇ ನಿಮಿಷಕ್ಕೆ ಬಂದ್ ಮಾಡುತ್ತಿರುವುದೇ ತೊಂದರೆ ಇರಬಹುದು. ಡಿಡಿಆರ್5 ಬೋರ್ಡ್ ಮೊದಲ ಸಲ ಆನ್ ಆದಾಗ ಪ್ರತಿ ರ‍್ಯಾಮ್ ಕಡ್ಡಿಗೆ ಯಾವ ಸಮಯ, ಯಾವ ವೋಲ್ಟೇಜ್ ಹೊಂದುತ್ತದೆ ಎಂದು ತಾನೇ ಪರೀಕ್ಷಿಸಿ ಗೊತ್ತುಮಾಡಿಕೊಳ್ಳುತ್ತದೆ. ಇದಕ್ಕೆ ಹಲವು ನಿಮಿಷ ಬೇಕು. ರ‍್ಯಾಮ್ ಹೆಚ್ಚಿದ್ದಷ್ಟೂ, ಬಯಾಸ್ ಹಳೆಯದಾದಷ್ಟೂ ಹೊತ್ತು ಹೆಚ್ಚು. ನಡುವೆ ನಿಲ್ಲಿಸಿದರೆ ಮತ್ತೆ ಮೊದಲಿನಿಂದ. ಒಮ್ಮೆ 15 ನಿಮಿಷ ಮುಟ್ಟದೆ ಬಿಡಿ. ಕರೆಂಟ್ ಹೋಗದ ಹೊತ್ತು ನೋಡಿಕೊಂಡು ಮಾಡಿ.

ಆಗಲೂ ದೀಪ ಆರದಿದ್ದರೆ ಆ ದೀಪದ ಪಕ್ಕ ಬರೆದಿರುವುದನ್ನು ಓದಿ. ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ನಾಲ್ಕು ದೀಪ ಇರುತ್ತವೆ, ಯಾವುದರಲ್ಲಿ ನಿಂತಿತೋ ಅಲ್ಲಿ ತಕರಾರು. ಡಿರ‍್ಯಾಮ್ ಆಗಿದ್ದರೆ ಒಂದೇ ಕಡ್ಡಿಯನ್ನು ಎರಡನೆಯ ಸ್ಲಾಟಿನಲ್ಲಿ ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿ. ಒಂದು ಬದಿಗೆ ಮಾತ್ರ ಕೊಂಡಿ ಇರುವ ಸ್ಲಾಟುಗಳಲ್ಲಿ ಕೊಂಡಿಯಿಲ್ಲದ ತುದಿ ಅರ್ಧಂಬರ್ಧ ಕೂತಿರುತ್ತದೆ, ಕಣ್ಣಿಗೆ ಸರಿಯಾಗಿದ್ದಂತೆ ಕಾಣುತ್ತದೆ.

ಚಾಲೂ ಆದ ಮೇಲೆ ಪ್ರತಿದಿನವೂ ಇಷ್ಟೇ ತಡವಾಗುತ್ತಿದ್ದರೆ ಬಯಾಸಿನಲ್ಲಿ ‘ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್’ ಆನ್ ಮಾಡಿ, ಒಮ್ಮೆ ಗೊತ್ತುಮಾಡಿಕೊಂಡದ್ದನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಅದನ್ನು ಆನ್ ಮಾಡಿದ ಮೇಲೆ ವಿಂಡೋಸ್ ನಡುವೆ ನಿಲ್ಲತೊಡಗಿದರೆ ಆಫ್ ಮಾಡಿ ತಡವನ್ನೇ ಸಹಿಸಿಕೊಳ್ಳಿ. ಎಕ್ಸ್‌ಪೋ ಎಂಬ ವೇಗದ ಆಯ್ಕೆಯನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಿ.

ಪ್ರಶ್ನೆ: ನಮ್ಮ ಕಂಪ್ಯೂಟರ್ ತಾರೀಖು ಪ್ರತಿ ಬೆಳಗ್ಗೆ ಹಿಂದಿನ ಯಾವುದೋ ವರ್ಷಕ್ಕೆ ಹೋಗಿ, ‘ಎಫ್1 ಒತ್ತಿ’ ಎಂದು ನಿಲ್ಲುತ್ತದೆ.
– ಲಿಂಗಸೂಗೂರಿನ ಓದುಗರು

ಉತ್ತರ: ಬೋರ್ಡಿನ ಮೇಲಿನ ಸಿಆರ್2032 ಬಿಲ್ಲೆ ಬ್ಯಾಟರಿ ಮುಗಿದಿದೆ. ಹೊಸದರಲ್ಲಿ 3 ವೋಲ್ಟ್ ಇರುತ್ತದೆ, 2.7ಕ್ಕಿಂತ ಕೆಳಗೆ ಬಂದದ್ದನ್ನು ಬದಲಿಸಿ. ಗಡಿಯಾರ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಬರವಣಿಗೆ ಇರುವ ಬದಿ ಮೇಲಿರಲಿ. ಹಾಕಿದ ಮೇಲೆ ಬಯಾಸಿಗೆ ಹೋಗಿ ತಾರೀಖು ಮತ್ತು ಬೂಟ್ ಪಟ್ಟಿಯನ್ನು ಸರಿಪಡಿಸಿ ಉಳಿಸಬೇಕು, ಇಲ್ಲದಿದ್ದರೆ ಅದು ಮತ್ತೆ ನಿಲ್ಲುತ್ತದೆ.

ಪ್ರಶ್ನೆ: ಮನೆ ಗಿಣಿಗೇರಿಯಲ್ಲಿದೆ. ಆರು ತಿಂಗಳಿಗೊಮ್ಮೆ ಕ್ಯಾಬಿನೆಟ್ ತೆಗೆದರೆ ಕಪ್ಪು ಧೂಳು ಬೆರಳು ದಪ್ಪ ಕೂತಿರುತ್ತದೆ. ಬೇಸಿಗೆ ಬಂತೆಂದರೆ ಆನ್ ಆಗಿ ಐದು ನಿಮಿಷಕ್ಕೆ ನಿಲ್ಲುತ್ತದೆ, ಕೂಡಲೇ ಮತ್ತೆ ಹಚ್ಚಿದರೆ ಲೋಗೋದಲ್ಲೇ ನಿಲ್ಲುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯಿಂದ ಹೊಡೆಸಬಹುದೇ?
– ಕೊಪ್ಪಳ ತಾಲ್ಲೂಕಿನ ಓದುಗರು

ಉತ್ತರ: ತಣ್ಣಗಿದ್ದಾಗ ಐದು ನಿಮಿಷ, ಬಿಸಿಯಿದ್ದಾಗ ಐದು ಸೆಕೆಂಡ್ ಎಂದರೆ ಶಾಖದ ಮಾತೇ. ಕೋಣೆಯ ಉಷ್ಣತೆ ಎಷ್ಟು ಡಿಗ್ರಿ ಏರುತ್ತದೋ ಪ್ರೊಸೆಸರ್ ಉಷ್ಣತೆಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಚಳಿಗಾಲದ 25 ಡಿಗ್ರಿಯ ಕೋಣೆಯಲ್ಲಿ 75ಕ್ಕೆ ಓಡುತ್ತಿದ್ದದ್ದು ಏಪ್ರಿಲ್‌ನ 40 ಡಿಗ್ರಿಯಲ್ಲಿ 90 ಮುಟ್ಟುತ್ತದೆ. ಅದರ ಮೇಲೆ ಹೀಟ್‌ಸಿಂಕಿನ, ಅಂದರೆ ಕೂಲರಿನ ಲೋಹದ ರೆಕ್ಕೆಗಳ, ಸಂದುಗಳಲ್ಲಿ ಧೂಳು ಕಟ್ಟಿದರೆ ಗಾಳಿಗೆ ದಾರಿಯೇ ಇಲ್ಲ. ಬಯಾಸಿನ ‘ಹಾರ್ಡ್‌ವೇರ್ ಮಾನಿಟರ್’ ಪುಟದಲ್ಲಿ ಸಿಪಿಯು ಉಷ್ಣತೆ ನೋಡಿ. ಆನ್ ಮಾಡಿ ಐದು ನಿಮಿಷದಲ್ಲಿ 40ರಿಂದ 60ರ ನಡುವೆ ನಿಂತರೆ ಚಿಂತೆಯಿಲ್ಲ. ನಿಲ್ಲದೆ 80, 90 ಎಂದು ಏರುತ್ತ ಹೋದರೆ ಕೂಲರ್ ಪ್ರೊಸೆಸರಿಗೆ ಅಂಟಿ ಕೂತಿಲ್ಲ. ಇಂಟೆಲ್ ಡಬ್ಬಿಯ ಜೊತೆ ಬರುವ ಕೂಲರಿನ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ಮೇಲೆದ್ದರೂ ಹೀಗಾಗುತ್ತದೆ. ಎದುರುಬದುರು ಮೂಲೆಗಳನ್ನು ಜೋಡಿಯಾಗಿ ಒತ್ತಿ, ಬೋರ್ಡಿನ ಹಿಂದೆ ನಾಲ್ಕೂ ತುದಿ ಪೂರ್ತಿ ಹೊರಬಂದಿವೆಯೇ ನೋಡಿ.

ನಿಮ್ಮ ಊರಿನ ಧೂಳಿನ ವಿಷಯ ಬೇರೆ. ಅಯಸ್ಕಾಂತವನ್ನು ತೆಳು ಕಾಗದದಲ್ಲಿ ಸುತ್ತಿ, ಹೊರಗೆ ಗುಡಿಸಿ ತೆಗೆದ ಧೂಳಿನ ಮೇಲೆ ಆಡಿಸಿ. ಕಪ್ಪು ಪುಡಿ ಎದ್ದು ಅಂಟಿಕೊಂಡರೆ ಅದರಲ್ಲಿ ಕಬ್ಬಿಣ ಇದೆ. ಸ್ಪಂಜ್ ಐರನ್ ಕಾರ್ಖಾನೆಗಳ ಸುತ್ತ ಇಂಥ ಧೂಳು ಸಾಮಾನ್ಯ. ಮಣ್ಣಿನ ಧೂಳು ಕೇವಲ ಶಾಖ ಹಿಡಿದಿಡುತ್ತದೆ. ಲೋಹದ ಧೂಳು, ಮಳೆಗಾಲದ ತೇವ ಸೇರಿದರೆ, ಪಿನ್ನುಗಳ ನಡುವೆ ಕರೆಂಟಿಗೆ ಅಡ್ಡದಾರಿ ಮಾಡಿಕೊಡುತ್ತದೆ. ಆದ್ದರಿಂದ ಅದನ್ನು ಒಳಗೊಳಗೇ ಊದಿ ರ‍್ಯಾಮ್ ಸ್ಲಾಟಿಗೆ ತುಂಬಬಾರದು. ಕ್ಯಾಬಿನೆಟ್ ಹೊರಗೆ ಒಯ್ದು, ಮೊದಲು ಒಣಗಿದ ಮೆತ್ತನೆಯ ಬಣ್ಣದ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಗುಡಿಸಿ, ಆಮೇಲೆ ಬ್ಲೋವರ್ ಹಿಡಿಯಿರಿ. ಖಾಲಿ ಸ್ಲಾಟುಗಳಿಗೆ ಕಾಗದದ ಪಟ್ಟಿ ಮುಚ್ಚಿಡಿ.

ಪಂಕ್ಚರ್ ಅಂಗಡಿಯ ಗಾಳಿ ಬೇಡ. ಆ ಟ್ಯಾಂಕಿನಲ್ಲಿ ನೀರು, ಎಣ್ಣೆ ಕೂಡಿರುತ್ತವೆ. ಒತ್ತಡವೂ ಚಿಕ್ಕ ಭಾಗಗಳು ಕಿತ್ತುಹೋಗುವಷ್ಟು. ಅಂಗಡಿಗಳಲ್ಲಿ ಸಿಗುವ ಕೈ ಬ್ಲೋವರ್ ಸಾಕು, ಒಂದಡಿ ದೂರದಿಂದ ಹಿಡಿಯಿರಿ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದಿರಬೇಕು. ಇಲ್ಲದಿದ್ದರೆ ಅದು ಅಳತೆ ಮೀರಿ ತಿರುಗಿ ಬೇರಿಂಗ್ ಸವೆಯುತ್ತದೆ, ಬೋರ್ಡಿಗೆ ತಾನೇ ಉಲ್ಟಾ ಕರೆಂಟ್ ಕೊಡುತ್ತದೆ. ಕೂಲರ್ ತೆಗೆದರೆ ಪ್ರೊಸೆಸರ್ ಮೇಲಿನ, ಶಾಖ ದಾಟಿಸುವ ಹಳೆಯ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಪೂರ್ತಿ ಒರೆಸಿ, ಹೊಸದನ್ನು ಬಟಾಣಿಗಿಂತ ಚಿಕ್ಕದಾಗಿ ನಡುವೆ ಇಟ್ಟು ಒತ್ತಿ. ಗಾಳಿ ಒಳಬರುವ ಕಡೆ ತೊಳೆಯಬಹುದಾದ ಜಾಲರಿ ಹಾಕಿ, ಹೊರಹೋಗುವ ಫ್ಯಾನಿಗಿಂತ ಒಳಬರುವ ಫ್ಯಾನ್ ಒಂದು ಹೆಚ್ಚಿರಲಿ. ಆಗ ಸಂದುಗಳಿಂದ ಧೂಳು ಒಳಕ್ಕೆ ಎಳೆದುಕೊಳ್ಳುವುದಿಲ್ಲ. ನಿಮ್ಮಲ್ಲಿ ಆರು ತಿಂಗಳು ಬಹಳ ದೀರ್ಘ. ಎರಡು ತಿಂಗಳಿಗೊಮ್ಮೆ ಜಾಲರಿ ತೊಳೆಯಿರಿ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಡೆ, ರಾಯಚೂರಿನ ಹತ್ತಿ ಜಿನ್ನಿಂಗ್ ಗಿರಣಿಗಳ ಕಡೆ ಕಂಪ್ಯೂಟರ್ ಇಟ್ಟವರಿಗೂ ಇದೇ ಮಾತು. ಅಲ್ಲಿಯ ನೂಲಿನ ನಾರು ಹೀಟ್‌ಸಿಂಕಿನ ಮೇಲೆ, ಫ್ಯಾನಿನ ಕೆಳಗೆ, ಹೊದಿಕೆಯಂತೆ ಕೂರುತ್ತದೆ. ಮೇಲಿನಿಂದ ಊದಿದರೆ ಅಲುಗುವುದಿಲ್ಲ. ಫ್ಯಾನ್ ಬಿಚ್ಚಿ ಚಿಮಟದಿಂದ ಎಳೆದು ತೆಗೆಯಬೇಕು.

ಪ್ರಶ್ನೆ: ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ. ಪೆನ್ ಡ್ರೈವ್ ಹಾಕಿದೊಡನೆ ಸಿಸ್ಟಂ ನಿಲ್ಲುತ್ತದೆ, ಆನ್ ಮಾಡುವಾಗ ಹಾಕಿದ್ದರೆ ಚಾಲೂ ಆಗುವುದೇ ಇಲ್ಲ.
– ಗಂಗಾವತಿಯ ಓದುಗರು

ಉತ್ತರ: ಇದನ್ನು ತಳ್ಳಿಹಾಕಬೇಡಿ. ಮನೆಯ ಅರ್ಥಿಂಗ್ ಇಲ್ಲ ಅಥವಾ ಕಡಿದಿದೆ. ಎಸ್‌ಎಂಪಿಎಸ್‌ನ ಒಳಬಾಗಿಲಲ್ಲಿ ಗದ್ದಲ ಸೋಸುವ ಎರಡು ಸಣ್ಣ ಕಪ್ಯಾಸಿಟರ್‌ಗಳಿವೆ. ಒಂದು ಫೇಸ್‌ನಿಂದ, ಇನ್ನೊಂದು ನ್ಯೂಟ್ರಲ್‌ನಿಂದ ಲೋಹದ ಮೈಗೆ ಸೇರುತ್ತವೆ. ಅರ್ಥ್ ಇದ್ದರೆ ಆ ಸಣ್ಣ ಸೋರಿಕೆ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ ಮೈಯಲ್ಲಿ 230ರ ಅರ್ಧ, ಸುಮಾರು 115 ವೋಲ್ಟ್ ನಿಂತಿರುತ್ತದೆ. ಇದೇ ಜುಮ್ ಎನ್ನುವುದು. ಯುಎಸ್‌ಬಿ ಚುಚ್ಚಿದಾಗ ಅದೇ ಕರೆಂಟ್ ಡೇಟಾ ಲೈನಿನ ಹತ್ತಿರ ಹಾಯ್ದು ಚಿಪ್ ತಬ್ಬಿಬ್ಬಾಗುತ್ತದೆ, ಸುಟ್ಟೂ ಹೋಗಬಹುದು.

ಮಲ್ಟಿಮೀಟರಿನಲ್ಲಿ ಮೂರು ಅಳತೆ ತೆಗೆಸಿ. ಫೇಸ್–ನ್ಯೂಟ್ರಲ್ ಸುಮಾರು 230, ಫೇಸ್–ಅರ್ಥ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ 3 ವೋಲ್ಟಿಗಿಂತ ಕಡಿಮೆ ಇರಬೇಕು. ಫೇಸ್–ಅರ್ಥ್ ನೂರರ ಆಸುಪಾಸಿನಲ್ಲಿ ತೇಲುತ್ತಿದ್ದರೆ ಅರ್ಥ್ ವೈರ್ ಎಲ್ಲೋ ಕಡಿದಿದೆ. ನಿಮ್ಮ ಭಾಗದ ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥ್ ಪೈಪಿನಿಂದ ಬಿಟ್ಟುಕೊಳ್ಳುತ್ತದೆ, ಮಳೆಗಾಲಕ್ಕೆ ತಾನೇ ಸರಿಯಾದಂತೆ ಕಾಣುತ್ತದೆ. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು. ಅರ್ಥ್ ತಂತಿಯನ್ನು ನ್ಯೂಟ್ರಲಿಗೆ ಜೋಡಿಸಿ ‘ಸರಿಮಾಡಿದೆ’ ಎನ್ನುವವರಿದ್ದಾರೆ. ನ್ಯೂಟ್ರಲ್ ಕಡಿದ ದಿನ ಕ್ಯಾಬಿನೆಟ್ಟಿಗೆ ಪೂರ್ತಿ 230 ಬರುತ್ತದೆ, ಜೀವಕ್ಕೇ ಅಪಾಯ. ಲೈಸೆನ್ಸ್ ಇರುವ ವೈರ್‌ಮನ್ ಕೈಯಿಂದಲೇ ಮಾಡಿಸಿ. ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡ್ ಬಳಸುತ್ತಿದ್ದರೆ ಇವತ್ತೇ ತೆಗೆಯಿರಿ.

ಪ್ರಶ್ನೆ: ಶಟ್‌ಡೌನ್ ಮಾಡಿ ಬೆಳಗ್ಗೆ ಹಚ್ಚಿದರೆ ಚುಕ್ಕಿ ತಿರುಗುತ್ತ ನಿಲ್ಲುತ್ತದೆ. ರೀಸ್ಟಾರ್ಟ್ ಕೊಟ್ಟರೆ ಎಂದೂ ನಿಲ್ಲುವುದಿಲ್ಲ. ಯಾಕೆ?
– ಕುಷ್ಟಗಿಯ ಓದುಗರು

ಉತ್ತರ: ಹೀಗೆ ಗಮನಿಸಿ ಬರೆದರೆ ಉತ್ತರ ಸುಲಭ. ವಿಂಡೋಸ್ 10, 11ರಲ್ಲಿ ಶಟ್‌ಡೌನ್ ಎಂದರೆ ಪೂರ್ತಿ ಬಂದ್ ಅಲ್ಲ. ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಡ್ರೈವರುಗಳಿದ್ದ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಯಾವುದೋ ಡ್ರೈವರಿಗೆ ಅದು ಹಿಡಿಸುವುದಿಲ್ಲ. ರೀಸ್ಟಾರ್ಟ್ ಕೊಟ್ಟಾಗ ಎಲ್ಲ ಹೊಸದಾಗಿ ಓದಲ್ಪಡುತ್ತದೆ, ಹಾಗಾಗಿ ತೊಂದರೆ ಬರುವುದಿಲ್ಲ. ಕಂಟ್ರೋಲ್ ಪ್ಯಾನಲ್, ಪವರ್ ಆಪ್ಷನ್ಸ್, ‘ಚೂಸ್ ವಾಟ್ ದ ಪವರ್ ಬಟನ್ಸ್ ಡೂ’ ಎಂಬಲ್ಲಿ ಹೋಗಿ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆಯಿರಿ. ಎಸ್‌ಎಸ್‌ಡಿ ಇದ್ದರೆ ಇದರಿಂದ ಆಗುವ ತಡ ಕೆಲವೇ ಸೆಕೆಂಡ್. ಆಮೇಲೆ ಬೋರ್ಡ್ ತಯಾರಕರ ತಾಣದಿಂದ ಚಿಪ್‌ಸೆಟ್ ಡ್ರೈವರ್ ಹೊಸದು ಹಾಕಿ.

ಪ್ರಶ್ನೆ: ಡಿಟಿಪಿ ಅಂಗಡಿ ನಡೆಸುತ್ತೇನೆ. ಕರೆಂಟ್ ಹೋದಾಗ ಇನ್ವರ್ಟರ್ ಇದ್ದರೂ ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ಆಮೇಲೆ ‘ರಿಪೇರಿಂಗ್’ ಎಂದು ನಿಲ್ಲುತ್ತದೆ.
– ಸಿರುಗುಪ್ಪದ ಓದುಗರು

ಉತ್ತರ: ಇನ್ವರ್ಟರಿನ ಹಿಂದೆ ‘ಯುಪಿಎಸ್’ ಮತ್ತು ‘ನಾರ್ಮಲ್’ ಅಥವಾ ‘ಇಕೋ’ ಎಂದು ಚಿಕ್ಕ ಸ್ವಿಚ್ ಇದೆಯೇ ನೋಡಿ. ನಾರ್ಮಲ್‌ನಲ್ಲಿದ್ದರೆ ಬ್ಯಾಟರಿಗೆ ಬದಲಾಗಲು ತೆಗೆದುಕೊಳ್ಳುವ ಹೊತ್ತು ಫ್ಯಾನು, ದೀಪಕ್ಕೆ ಸಾಕು, ಕಂಪ್ಯೂಟರಿಗೆ ಹೆಚ್ಚು. ಒಳ್ಳೆಯ ಎಸ್‌ಎಂಪಿಎಸ್ ಕೂಡ ಪೂರ್ತಿ ಹೊರೆಯಲ್ಲಿ ಕರೆಂಟ್ ಇಲ್ಲದೆ 16–17 ಮಿಲಿಸೆಕೆಂಡ್ ಮಾತ್ರ ತಡೆದುಕೊಳ್ಳುತ್ತದೆ. ಯುಪಿಎಸ್ ಸ್ಥಾನಕ್ಕೆ ಹಾಕಿ. ಆದರೆ ಆ ಸ್ಥಾನದಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಅದು ಬ್ಯಾಟರಿಗೆ ಹಾರುತ್ತದೆ, ಬ್ಯಾಟರಿ ಬೇಗ ಸವೆಯುತ್ತದೆ. ನಿಮ್ಮ ಊರಿನ ವೋಲ್ಟೇಜ್ ನೋಡಿದರೆ ಕಂಪ್ಯೂಟರಿಗೆಂದೇ ಬೇರೆ ಯುಪಿಎಸ್ ಇಡುವುದು ಲೇಸು. 600 ವಿಎ ಎಂದು ಬರೆದದ್ದು ಕೊಡುವುದು ಸುಮಾರು 360 ವ್ಯಾಟ್. ಗ್ರಾಫಿಕ್ಸ್ ಕಾರ್ಡಿಲ್ಲದ ಡಿಟಿಪಿ ಸಿಸ್ಟಂ ಮತ್ತು ಮಾನಿಟರಿಗೆ ಸಾಕಾಗುತ್ತದೆ. ಲೇಸರ್ ಪ್ರಿಂಟರನ್ನು ಮಾತ್ರ ಅದಕ್ಕೆ ಕೊಡಬೇಡಿ, ಒಳಗಿನ ಹೀಟರ್ ಹತ್ತಿದ ಕ್ಷಣ ಯುಪಿಎಸ್ ಕೈಚೆಲ್ಲುತ್ತದೆ.

ಈಗ ನಿಂತಿರುವುದಕ್ಕೆ: ‘ರಿಪೇರಿಂಗ್’ ಎಂದಿರುವಾಗ ಒಂದು ಗಂಟೆ ಮುಟ್ಟಬೇಡಿ. ಮುಗಿಯದಿದ್ದರೆ ಆನ್ ಮಾಡಿ ಚುಕ್ಕಿ ಬಂದಾಗ ಪವರ್ ಗುಂಡಿ ಒತ್ತಿಹಿಡಿದು ಬಂದ್ ಮಾಡಿ. ಹೀಗೆ ಮೂರು ಸಲ ಮಾಡಿದರೆ ನೀಲಿ ಪರದೆಯ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಮೂಲಕ ಸೇಫ್ ಮೋಡಿಗೆ ಹೋಗಿ. ಸೇಫ್ ಮೋಡಿನಲ್ಲಿ ಚಾಲೂ ಆದರೆ ಮೊದಲು ಗಿರಾಕಿಗಳ ಫೈಲುಗಳನ್ನು ಪೆನ್ ಡ್ರೈವಿಗೆ ತೆಗೆದುಕೊಳ್ಳಿ. ಆಮೇಲೆ ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಟೂಲ್ಸ್, ಚೆಕ್. ಕರೆಂಟ್ ಹೋದ ಕ್ಷಣ ಅರ್ಧ ಬರೆದ ಫೈಲುಗಳ ಲೆಕ್ಕ ಇದರಲ್ಲಿ ಸರಿಯಾಗುತ್ತದೆ.

ಪ್ರಶ್ನೆ: ಹೊಸ ಬಯಾಸ್ ಹಾಕಿದರೆ ನಿಲ್ಲುವುದು ಹೋಗುತ್ತದೆ ಎನ್ನುತ್ತಾರೆ. ಹಾಕಲೇ? ಪ್ರೊಸೆಸರ್ ಐ7 13700ಕೆ.
– ತೋರಣಗಲ್ಲಿನ ಓದುಗರು

ಉತ್ತರ: ಸುಮ್ಮನೆ ಇದ್ದ ಬಯಾಸ್ ಬದಲಿಸುವುದನ್ನು ನಾವು ಸಾಮಾನ್ಯವಾಗಿ ಒಪ್ಪುವುದಿಲ್ಲ. ನಿಮ್ಮ ಪ್ರೊಸೆಸರಿಗೆ ಮಾತ್ರ ಹಾಕಲೇಬೇಕು. 13 ಮತ್ತು 14ನೆಯ ತಲೆಮಾರಿನ ಹಲವು ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಹರಿದು ಚಿಪ್ ಮೆಲ್ಲಗೆ ಸವೆಯುತ್ತದೆಂದು 2024ರಲ್ಲಿ ಇಂಟೆಲ್ ಒಪ್ಪಿಕೊಂಡು, ಅದನ್ನು ತಡೆಯುವ ಮೈಕ್ರೋಕೋಡನ್ನು (ಪ್ರೊಸೆಸರಿನ ಒಳ ಸೂಚನೆಗಳ ತಿದ್ದುಪಡಿ) ಬೋರ್ಡ್ ತಯಾರಕರ ಬಯಾಸ್ ಮೂಲಕ ಬಿಡುಗಡೆ ಮಾಡಿತು. ಡಬ್ಬಿಯಲ್ಲಿ ಬಂದ ಪ್ರೊಸೆಸರುಗಳಿಗೆ ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆದರೆ ಈಗಾಗಲೇ ಸವೆದ ಚಿಪ್ ಬಯಾಸಿನಿಂದ ವಾಸಿಯಾಗುವುದಿಲ್ಲ. ಹಾಕಿದ ಮೇಲೂ ಆಟ ತೆರೆಯುವಾಗ, ದೊಡ್ಡ ಜಿಪ್ ಫೈಲ್ ಬಿಚ್ಚುವಾಗ ತಪ್ಪು ಬರುತ್ತಿದ್ದರೆ ಬಿಲ್ಲು ತೆಗೆದುಕೊಂಡು ವಾರಂಟಿಗೆ ಹೋಗಿ.

ಹಾಕುವಾಗ ಪೆನ್ ಡ್ರೈವನ್ನು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ, ಬೋರ್ಡಿನ ಹೆಸರಿನ ಜೊತೆ ಅದರ ರಿವಿಷನ್ ಸಂಖ್ಯೆಯನ್ನೂ ಹೊಂದಿಸಿ ಫೈಲ್ ಇಳಿಸಿಕೊಳ್ಳಿ. ಒಂದೇ ಹೆಸರಿನ ಎರಡು ರಿವಿಷನ್‌ಗಳಿಗೆ ಬೇರೆ ಬೇರೆ ಫೈಲ್ ಇರುತ್ತದೆ. ವಿಂಡೋಸ್ ಒಳಗಿನಿಂದ ಹಾಕಬೇಡಿ, ಬಯಾಸಿನೊಳಗಿನ ಸೌಲಭ್ಯದಿಂದಲೇ ಹಾಕಿ. ಯುಪಿಎಸ್ ಇರಲೇಬೇಕು. ಎಕ್ಸ್‌ಎಂಪಿ ಮೊದಲೇ ಆಫ್ ಮಾಡಿರಿ, ಮುಗಿದ ಮೇಲೆ ಒಂದೆರಡು ಸಲ ತಾನೇ ಆರಿ ಹತ್ತಿದರೆ ಗಾಬರಿಯಾಗಬೇಡಿ. ನಡುವೆ ಕರೆಂಟ್ ಹೋಗಿ ಬೋರ್ಡ್ ಏಳದಾದರೆ, ಹಿಂದೆ ‘ಫ್ಲ್ಯಾಶ್‌ಬ್ಯಾಕ್’ ಗುಂಡಿ ಇರುವ ಬೋರ್ಡುಗಳಲ್ಲಿ ಅದೇ ಪೆನ್ ಡ್ರೈವನ್ನು ಗುರುತು ಮಾಡಿದ ಯುಎಸ್‌ಬಿಗೆ ಹಾಕಿ ಗುಂಡಿ ಒತ್ತಿದರೆ ಪ್ರೊಸೆಸರಿನ ನೆರವಿಲ್ಲದೆಯೇ ಬಯಾಸ್ ಬರೆದುಕೊಳ್ಳುತ್ತದೆ. ಫೈಲಿಗೆ ಕೈಪಿಡಿಯಲ್ಲಿ ಹೇಳಿದ ಹೆಸರನ್ನೇ ಇಡಬೇಕು, ಒಂದಕ್ಷರ ತಪ್ಪಿದರೂ ಅದು ಓದುವುದಿಲ್ಲ.